ಒಣಮರಕ್ಕೆ ಎರಡು ಅರ್ಜಿ

ಶ್ರೀರಂಗಪಟ್ಟಣದ ಕೋಟೆಯೊಳಗೆ, ಪುರಾತತ್ತ್ವ ಇಲಾಖೆಯ ನೀಲಿ ಫಲಕವಿರುವ ಸ್ಮಾರಕವೊಂದರ ಆವರಣದಲ್ಲಿ, ಒಂದು ಹುಣಸೆಮರ ಒಣಗಿ ನಿಂತಿದೆ ಎಂದಿಟ್ಟುಕೊಳ್ಳೋಣ. ಎರಡು ಮಳೆಗಾಲ ಕಳೆದರೂ ಅದು ಚಿಗುರಿಲ್ಲ. ತೊಗಟೆ ಹಕ್ಕಳೆ ಹಕ್ಕಳೆಯಾಗಿ ಕಳಚಿ ಬೀಳುತ್ತಿದೆ. ಒಂದು ಕೊಂಬೆ ಹಳೆಯ ಇಟ್ಟಿಗೆಗೋಡೆಯ ಮೇಲಕ್ಕೆ ಬಾಗಿದ್ದರೆ, ಇನ್ನೊಂದರ ಅಡಿಯಲ್ಲಿ ಪ್ರವಾಸಕ್ಕೆ ಬಂದ ಶಾಲಾಮಕ್ಕಳು ಬುತ್ತಿ ಬಿಚ್ಚಿ ಕೂರುತ್ತಾರೆ. ದಿನವೂ ಅದನ್ನು ನೋಡುವ ಊರಿನವರು ಕೇಳುವ ಪ್ರಶ್ನೆ ಒಂದೇ: ಸತ್ತ ಮರವನ್ನು ತೆಗೆಯಲು ಯಾರ ಅಪ್ಪಣೆ ಬೇಕು, ಅದಕ್ಕೆ ಇಷ್ಟು ತಡವೇಕೆ?

ಕನಿಷ್ಠ ಇಬ್ಬರ ಅಪ್ಪಣೆ ಬೇಕು. ಮರ ಒಂದು ಕಾನೂನಿಗೆ ಒಳಪಟ್ಟಿದ್ದರೆ, ಅದು ಬೇರೂರಿರುವ ನೆಲ ಇನ್ನೊಂದು ಕಾನೂನಿಗೆ ಒಳಪಟ್ಟಿದೆ. ಮೊದಲನೆಯದನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ, ಎರಡನೆಯದನ್ನು ಪುರಾತತ್ತ್ವ ಇಲಾಖೆ. ಸಾಮಾನ್ಯವಾಗಿ ಜನರ ಗಮನವೆಲ್ಲ ಮೊದಲನೆಯದರ ಮೇಲಿರುತ್ತದೆ. ಆದರೆ ಒಣಮರದ ವಿಷಯದಲ್ಲಿ ಅದು ತಕ್ಕಮಟ್ಟಿಗೆ ಸುಲಭವಾದ ಭಾಗ. ನಿಜವಾದ ತೊಡಕು ನೆಲಮಟ್ಟದಿಂದ ಕೆಳಗಿದೆ.

ಮರದ ಕಾನೂನನ್ನು ಮೊದಲು ನೋಡೋಣ. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಅಧಿನಿಯಮ ಜಾರಿಯಲ್ಲಿದೆ. ಅದು ರಾಜ್ಯದ ಎಲ್ಲ ನೆಲಕ್ಕೂ ಒಂದೇ ಸಮನೆ ಅನ್ವಯಿಸದೆ, ನಗರ ಪ್ರದೇಶಗಳಿಗೂ ಗೊತ್ತುಪಡಿಸಿದ ಕೆಲವು ಗ್ರಾಮೀಣ ಪ್ರದೇಶಗಳಿಗೂ ಅನ್ವಯಿಸುವುದರಿಂದ, ತಮ್ಮ ಜಾಗ ಅದರ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲು ಕೇಳಿ ತಿಳಿಯುವುದು ಒಳ್ಳೆಯದು. ಬಂದರೆ, ಸರ್ಕಾರ ನೇಮಿಸಿದ ವೃಕ್ಷಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ‘ಕಡಿಯುವುದು’ ಎಂಬ ಮಾತಿಗೆ ಈ ಕಾನೂನು ಕೊಡುವ ಅರ್ಥ ವಿಶಾಲವಾದದ್ದು: ಬುಡಮೇಲು ಮಾಡುವುದು, ಕೊಂಬೆ ಸವರುವುದು, ಸುತ್ತಲೂ ತೊಗಟೆ ಕೆತ್ತುವುದು, ಸುಡುವುದು, ಔಷಧಿ ಹಾಕಿ ಒಣಗಿಸುವುದು ಎಲ್ಲವೂ ಅದರೊಳಗೆ ಸೇರುತ್ತವೆ. ತೆಂಗು, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಆದರೆ ಆ ವಿನಾಯಿತಿ ಈ ಒಂದು ಕಾನೂನಿನಿಂದ ಮಾತ್ರ. ಸ್ಮಾರಕದ ಆವರಣದ ತೆಂಗಿನಮರಕ್ಕೆ ವೃಕ್ಷಾಧಿಕಾರಿಯ ಕಾಗದ ಬೇಡವಾದರೂ ಪುರಾತತ್ತ್ವ ಇಲಾಖೆಯ ಕಾಗದ ಬೇಕೇ ಬೇಕು.

ಇದೇ ಅಧಿನಿಯಮದ 8ನೇ ಪ್ರಕರಣ ಒಣಮರದ ಪರವಾಗಿದೆ. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಉರುಳಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ ಸಿಡಿಲುಗಳಿಂದ ಬಹುಮಟ್ಟಿಗೆ ಹಾಳಾಗಿದ್ದರೆ, ಅಧಿಕಾರಿ ಅನುಮತಿಯನ್ನು ನಿರಾಕರಿಸಬಾರದು ಎಂಬುದು ಅದರ ತಾತ್ಪರ್ಯ. ಹೀಗಾಗಿ ವೃಕ್ಷಾಧಿಕಾರಿಯ ಮುಂದಿರುವ ಪ್ರಶ್ನೆ ಬಹುಪಾಲು ಒಂದೇ: ಮರ ನಿಜವಾಗಿಯೂ ಸತ್ತಿದೆಯೇ? ಸ್ಥಳಪರಿಶೀಲನೆ ಮತ್ತು ಮಹಜರು ಇರುವುದೇ ಇದಕ್ಕಾಗಿ.

ಈ ಪ್ರಶ್ನೆ ಕಾಣುವಷ್ಟು ಸರಳವಲ್ಲ. ದೇವಸ್ಥಾನಗಳ ಅಂಗಳದಲ್ಲಿ ಸಾಮಾನ್ಯವಾದ ದೇವಕಣಗಿಲೆ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ, ಬೂದುಬಣ್ಣದ ಬರಿಯ ಕಡ್ಡಿಗಳಾಗಿ ನಿಲ್ಲುತ್ತದೆ. ಅರಿಯದವರು ಅದನ್ನು ಸತ್ತಿದೆಯೆಂದೇ ಹೇಳುತ್ತಾರೆ. ಬೂರುಗ, ಮುತ್ತುಗಗಳೂ ವರ್ಷದ ಕೆಲಕಾಲ ಬೋಳಾಗುತ್ತವೆ. ಎಲೆ ಇಲ್ಲದಿರುವುದು ಸಾವಿನ ಗುರುತಾಗಲಾರದು. ಉಗುರಿನಿಂದಲೋ ಚಾಕುವಿನಿಂದಲೋ ಎಳೆಯ ರೆಂಬೆಯ ತೊಗಟೆಯನ್ನು ತುಸು ಕೆರೆದಾಗ ಒಳಗೆ ಹಸಿರು ಪದರ ಕಂಡರೆ ಜೀವವಿದೆ. ಕಂದಾಗಿ, ಪುಡಿಪುಡಿಯಾಗಿ ಉದುರಿದರೆ ಆ ರೆಂಬೆ ಸತ್ತಿದೆ. ಒಂದು ರೆಂಬೆ ಸತ್ತ ಮಾತ್ರಕ್ಕೆ ಮರವೂ ಸತ್ತಿತೆನ್ನಲಾಗದು, ಆದ್ದರಿಂದ ಕಾಂಡದ ಹಲವು ಎತ್ತರಗಳಲ್ಲಿ ನೋಡಬೇಕಾಗುತ್ತದೆ. ಮುದಿ ಹುಣಸೆಯ ಅರ್ಧಭಾಗ ಒಣಗಿ, ಉಳಿದರ್ಧ ದಶಕಗಳ ಕಾಲ ಕಾಯಿ ಕೊಡುವುದನ್ನು ಮಂಡ್ಯದ ಕಡೆಯ ರೈತರು ಬಲ್ಲರು. ಅಂತಹ ಮರಕ್ಕೆ ಬೇಕಾಗಿರುವುದು ಒಣಕೊಂಬೆ ಸವರುವ ಅನುಮತಿ ಮಾತ್ರ. ಸಂಶಯವಿದ್ದಲ್ಲಿ ಒಂದು ಮುಂಗಾರು ಕಾಯುವುದು ಉತ್ತಮ. ಜೂನ್ ಕಳೆದರೂ ಎಲ್ಲಿಯೂ ಚಿಗುರು ಒಡೆಯದಿದ್ದರೆ ಅರ್ಜಿಯ ಬಲ ಹೆಚ್ಚುತ್ತದೆ.

ಮರ ಹೇಗೆ ಸತ್ತಿತು ಎಂಬುದನ್ನೂ ಅಧಿಕಾರಿ ಕೇಳಬೇಕು, ಕೇಳದಿದ್ದರೆ ಸಾರ್ವಜನಿಕರು ಕೇಳುತ್ತಾರೆ. 2025ರ ಏಪ್ರಿಲ್‌ನಲ್ಲಿ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ, ರಸ್ತೆ ಅಗಲಿಸಲೆಂದು ಸುಮಾರು 40 ಮರಗಳನ್ನು ಕಡಿದಾಗ ಎದ್ದ ಪ್ರತಿಭಟನೆಯ ನೆನಪು ನಗರದಲ್ಲಿ ಇನ್ನೂ ಹಸಿಯಾಗಿದೆ; ಅಲ್ಲಿಯ ಮರಗಳು ಹಸಿರಾಗಿದ್ದವು, ವಿಷಯವೂ ಬೇರೆ, ಆದರೂ ಅಂದಿನಿಂದ ಗರಗಸದ ಸದ್ದು ಕೇಳಿದರೆ ಜನ ಫೋನ್ ಹೊರತೆಗೆದು ಚಿತ್ರೀಕರಿಸುತ್ತಾರೆ. ಇದು ಒಳ್ಳೆಯದೇ. ಗೆದ್ದಲು, ಬೇರುಕೊಳೆ, ಸಿಡಿಲು ಸಹಜ ಕಾರಣಗಳು. ಆದರೆ ಚಾರಿತ್ರಿಕ ಆವರಣಗಳಲ್ಲಿ ಮರಗಳನ್ನು ಕೊಲ್ಲುವುದು ಬಹುತೇಕ ಅಭಿವೃದ್ಧಿಯ ಹೆಸರಿನ ಕೆಲಸಗಳೇ ಎಂಬುದು ನನ್ನ ಅನಿಸಿಕೆ: ಬುಡಕ್ಕೆ ಒತ್ತಿಕೊಂಡು ಹಾಸಿದ ಸಿಮೆಂಟು ಇಟ್ಟಿಗೆ, ದೀಪದ ಕೇಬಲ್‌ಗಾಗಿ ಬೇರು ಕತ್ತರಿಸಿ ತೋಡಿದ ಕಾಲುವೆ, ಕಾಂಡದ ಸುತ್ತ ಏರಿಸಿದ ಮಣ್ಣು. ಮರ ತಕ್ಷಣ ಸಾಯುವುದಿಲ್ಲ, ಮೂರು ನಾಲ್ಕು ವರ್ಷ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಗುತ್ತಿಗೆದಾರರ ಬಿಲ್ಲು ಪಾವತಿಯಾಗಿರುತ್ತದೆ. ಒಂದೇ ಸಾಲಿನ ಮರಗಳು ಒಂದಾದ ಮೇಲೊಂದು ಒಣಗುತ್ತಿದ್ದರೆ, ಕಡಿಯುವ ಅರ್ಜಿಗೆ ಮೊದಲು ಆ ಸಾಲಿನ ಉದ್ದಕ್ಕೂ ಹಿಂದೆ ಯಾವ ಕೆಲಸ ನಡೆದಿತ್ತು ಎಂಬುದನ್ನು ಕಡತದಲ್ಲಿ ಹುಡುಕಬೇಕು.

ಶ್ರೀಗಂಧದ ವಿಷಯವೇ ಬೇರೆ. ಟಿಪ್ಪು ಸುಲ್ತಾನನ ಕಾಲದಿಂದ ‘ರಾಜವೃಕ್ಷ’ ಎನಿಸಿಕೊಂಡ, 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಎಣ್ಣೆ ಕಾರ್ಖಾನೆಗೆ ಕಾರಣವಾದ ಈ ಮರಕ್ಕೆ ಅರಣ್ಯ ಕಾನೂನಿನಲ್ಲಿ ಪ್ರತ್ಯೇಕ ನಿಯಮಗಳಿವೆ. 2001ರ ತಿದ್ದುಪಡಿಯ ನಂತರ ಜಮೀನಿನ ಮಾಲೀಕರಿಗೆ ಗಂಧದ ಮರದ ಒಡೆತನ ದೊರೆತರೂ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ತಪ್ಪಲಿಲ್ಲ. ಸತ್ತರೂ ಇದರ ಬೆಲೆ ಇಳಿಯುವುದಿಲ್ಲ. ಚೇಗಿನ ಪರಿಮಳ ವರ್ಷಗಟ್ಟಲೆ ಉಳಿಯುತ್ತದೆ. ಬೇರಿನಲ್ಲಿಯೂ ಎಣ್ಣೆ ಹೇರಳವಾಗಿರುವುದರಿಂದ ಗಂಧವನ್ನು ಕಡಿಯುವ ಪದ್ಧತಿಯಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ. ಸಂರಕ್ಷಿತ ಸ್ಮಾರಕದ ನೆಲದಲ್ಲಿ ಗಂಧದ ಮರವೊಂದು ಒಣಗಿದರೆ ಅರಣ್ಯದವರ ಪದ್ಧತಿ ಅಗೆಯಿರಿ ಎನ್ನುತ್ತದೆ, ಪುರಾತತ್ತ್ವದವರ ಕಾನೂನು ಅಗೆಯಬೇಡಿ ಎನ್ನುತ್ತದೆ.

ಈ ಎರಡನೆಯ ಕಾನೂನು 1958ರ ಪ್ರಾಚೀನ ಸ್ಮಾರಕಗಳು ಮತ್ತು ಪುರಾತತ್ತ್ವ ಸ್ಥಳಗಳು ಹಾಗೂ ಅವಶೇಷಗಳ ಅಧಿನಿಯಮ. ರಾಷ್ಟ್ರೀಯ ಮಹತ್ವದ್ದೆಂದು ಘೋಷಿತವಾದ ಸ್ಮಾರಕಗಳು ಇದರಡಿ ಬರುತ್ತವೆ: ಶ್ರೀರಂಗಪಟ್ಟಣದ ದರಿಯಾ ದೌಲತ್, ಗುಂಬಜ್, ರಂಗನಾಥಸ್ವಾಮಿ ದೇವಾಲಯ, 2023ರಲ್ಲಿ ಬೇಲೂರು ಹಳೇಬೀಡುಗಳ ಜೊತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರದ ಕೇಶವ ದೇವಾಲಯ ಇತ್ಯಾದಿ. ಇವುಗಳನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಬೆಂಗಳೂರು ವೃತ್ತ ನೋಡಿಕೊಳ್ಳುತ್ತದೆ. ಹುಲ್ಲುಹಾಸು, ಗಿಡಮರಗಳ ಹೊಣೆ ಅದೇ ಇಲಾಖೆಯ ತೋಟಗಾರಿಕಾ ಶಾಖೆಯದು. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ ಬಹುಮಟ್ಟಿಗೆ ಕೇಂದ್ರದ ಜಾಡಿನಲ್ಲೇ ರೂಪುಗೊಂಡ 1961ರ ರಾಜ್ಯ ಅಧಿನಿಯಮವಿದ್ದು, ಅದನ್ನು ಮೈಸೂರಿನಲ್ಲಿ ಕೇಂದ್ರಸ್ಥಾನವುಳ್ಳ ರಾಜ್ಯ ಪುರಾತತ್ತ್ವ ಇಲಾಖೆ ನಿರ್ವಹಿಸುತ್ತದೆ. ಅರ್ಜಿ ಹಾಕುವವರು ಮೊದಲ ಹೆಜ್ಜೆಯಲ್ಲೇ ತಪ್ಪುವುದು ಇಲ್ಲಿ: ಕೇಂದ್ರದ ಸ್ಮಾರಕಕ್ಕೆ ರಾಜ್ಯದ ಕಚೇರಿಯಲ್ಲಿ, ರಾಜ್ಯದ್ದಕ್ಕೆ ಕೇಂದ್ರದ ಕಚೇರಿಯಲ್ಲಿ ಕಾಗದ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಫಲಕದಲ್ಲಿ ಯಾವ ಅಧಿನಿಯಮದ ಹೆಸರಿದೆ ಎಂದು ಓದಿಕೊಂಡರೆ ಈ ಅಲೆದಾಟ ತಪ್ಪುತ್ತದೆ. ಪೂಜೆ ನಡೆಯುವ ದೇವಾಲಯವಾದರೆ ಮುಜರಾಯಿ ಇಲಾಖೆಯ ಕಾರ್ಯನಿರ್ವಾಹಕ ಅಧಿಕಾರಿಯೂ ಸೇರಿ ಮೂರು ಕಚೇರಿಗಳಾಗುತ್ತವೆ.

1958ರ ಅಧಿನಿಯಮದ 19ನೇ ಪ್ರಕರಣವನ್ನು ಒಮ್ಮೆ ಗಮನವಿಟ್ಟು ಓದಬೇಕು. ಸಂರಕ್ಷಿತ ಪ್ರದೇಶದಲ್ಲಿ, ಆ ಜಾಗದ ಮಾಲೀಕರೂ ಸೇರಿದಂತೆ ಯಾರೂ, ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಕಟ್ಟಡ ಕಟ್ಟುವಂತಿಲ್ಲ, ಗಣಿ ತೋಡುವಂತಿಲ್ಲ, ನೆಲ ಅಗೆಯುವಂತಿಲ್ಲ, ಆ ಜಾಗವನ್ನು ಬೇರಾವ ರೀತಿಯಲ್ಲಿಯೂ ಬಳಸುವಂತಿಲ್ಲ ಎಂದು ಅದು ಹೇಳುತ್ತದೆ. ಬೇಸಾಯಕ್ಕೆ ಮಾತ್ರ ಒಂದು ಸಡಿಲಿಕೆಯಿದೆ. ಅದೂ ಮೇಲ್ಮಣ್ಣಿನಿಂದ ಒಂದು ಅಡಿಗಿಂತ ಆಳಕ್ಕೆ ಅಗೆಯದಿದ್ದರೆ. ಇಡೀ ಪ್ರಕರಣದಲ್ಲಿ ಮರ ಎಂಬ ಶಬ್ದವೇ ಇಲ್ಲದಿದ್ದರೂ, ಮರದ ಬುಡ ಕೀಳುವ ಕೆಲಸಕ್ಕೆ ಅಗೆತದ ಮೇಲಿನ ಈ ನಿರ್ಬಂಧವೇ ಅಳತೆಗೋಲಾಗುತ್ತದೆ. ದೊಡ್ಡ ಹುಣಸೆಯ ಬೇರು ಒಂದು ಅಡಿಯಲ್ಲಿ ನಿಲ್ಲುವುದಿಲ್ಲ.

ಸ್ಮಾರಕದ ಪಕ್ಕದಲ್ಲಿ ಮನೆಯಿರುವವರ ಸಂದೇಹ ಬೇರೆ. 2010ರ ತಿದ್ದುಪಡಿಯಂತೆ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಸ್ಮಾರಕಗಳು ಒತ್ತೊತ್ತಾಗಿರುವ ಶ್ರೀರಂಗಪಟ್ಟಣದಲ್ಲಿ ಈ ವರ್ತುಲಗಳು ಒಂದರ ಮೇಲೊಂದು ಬೀಳುತ್ತವೆ. ನಿಮ್ಮ ಹಿತ್ತಲಿನ ಒಣಮಾವನ್ನು ನೆಲಮಟ್ಟಕ್ಕೆ ಕೊಯ್ಯುವುದು ಕಟ್ಟಡ ನಿರ್ಮಾಣವೆನಿಸುವುದಿಲ್ಲ. ಆದರೆ ಮರ ಬಿದ್ದು ಕಾಂಪೌಂಡ್ ಗೋಡೆ ಒಡೆದಿದ್ದರೆ, ಆ ಗೋಡೆಯ ದುರಸ್ತಿಗೆ ಸಕ್ಷಮ ಪ್ರಾಧಿಕಾರದ ಮೂಲಕ ಅನುಮತಿ ಪಡೆಯಬೇಕಾಗುತ್ತದೆ. ಮರ ತೆಗೆದ ಜಾಗದಲ್ಲಿ ಒಂದು ಕೋಣೆ ಕಟ್ಟಿಕೊಳ್ಳೋಣವೆಂಬ ಆಲೋಚನೆಗೆ ಮೊದಲ 100 ಮೀಟರಿನಲ್ಲಿ ಅವಕಾಶವಿಲ್ಲ. ಒಣಮರದ ಅರ್ಜಿಯ ಹಿಂದೆ ಕೆಲವೊಮ್ಮೆ ಆ ಕೋಣೆಯ ನಕ್ಷೆ ಇರುತ್ತದೆಯಾದ್ದರಿಂದ ಅಧಿಕಾರಿಗಳು ಸಂಶಯದಿಂದ ನೋಡುವುದು ಅಸಹಜವಲ್ಲ.

ಇನ್ನು ಬುಡದ ವಿಷಯ. ಜೀವಂತ ಬೇರು ದಪ್ಪವಾಗುತ್ತ ಗೋಡೆಯನ್ನು ಒತ್ತುತ್ತದೆ, ಕಲ್ಲಿನ ಸಂಧಿಗಳನ್ನು ಅಗಲಿಸುತ್ತದೆ. ಅದೇ ವೇಳೆಗೆ ತಾನು ಸಡಿಲಗೊಳಿಸಿದ ಕಲ್ಲುಗಳನ್ನು ತಾನೇ ಹಿಡಿದಿಟ್ಟುಕೊಂಡಿರುತ್ತದೆ. ಗೋಪುರದ ಸಂದಿಯಲ್ಲಿ ಹುಟ್ಟಿದ ಅರಳಿಯ ಸಸಿಯನ್ನು ಕೈಯಿಂದ ಕಿತ್ತೆಳೆದರೆ ಗಾರೆ, ಚೂರುಕಲ್ಲುಗಳು ಜೊತೆಯಲ್ಲೇ ಬರುವುದು ಇದರಿಂದಲೇ. ದೊಡ್ಡ ಮರದ ಬುಡವನ್ನು ಜೆಸಿಬಿಯಿಂದ ಎತ್ತಿದಾಗ ಆಗುವುದೂ ಇದೇ, ಪ್ರಮಾಣ ಮಾತ್ರ ಹೆಚ್ಚು: ಬೇರಿನ ತುದಿ ಹಿಡಿದಿದ್ದ ತಳಪಾಯದ ಇಟ್ಟಿಗೆಗಳು, ನೆಲದೊಳಗಿನ ಹಳೆಯ ನೀರಿನ ಕೊಳವೆ, ಚರಂಡಿ, ಮುರಿದ ಮಡಕೆ, ಬಳೆ, ನಾಣ್ಯ ಎಲ್ಲವೂ ಒಂದೇ ಬುಟ್ಟಿಯಲ್ಲಿ ಮೇಲೆದ್ದು ಕಲಸಿಹೋಗುತ್ತವೆ. ಪುರಾತತ್ತ್ವಜ್ಞರಿಗೆ ವಸ್ತುವಿಗಿಂತಲೂ ಅದು ಯಾವ ಪದರದಲ್ಲಿತ್ತು ಎಂಬುದು ಮುಖ್ಯ; ಪದರ ಕದಡಿದ ಮೇಲೆ ಅದನ್ನು ಮರಳಿ ಜೋಡಿಸಲಾಗದು. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಒಂದು ಹಾಳುಬಾವಿಯ ಕೆಸರಿನಿಂದ ಟಿಪ್ಪು ಕಾಲದ್ದೆಂದು ಗುರುತಿಸಲಾದ ಸಾವಿರಕ್ಕೂ ಹೆಚ್ಚು ಲೋಹದ ರಾಕೆಟ್ಟುಗಳು ಸಿಕ್ಕಿದ್ದವು. 1799ರ ಮೇ 4ರಂದು ಮುತ್ತಿಗೆಗೆ ಬಿದ್ದ ಶ್ರೀರಂಗಪಟ್ಟಣದ ನೆಲದಡಿ ಏನೇನಿದೆಯೆಂದು ಒಂದು ಹುಣಸೆಯ ಬುಡ ಕೀಳುವವರು ಊಹಿಸಲಾರರು. ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಳ್ಳುವುದಂತೂ ಬೇರೆಯೇ ಅಪರಾಧ.

ಆದ್ದರಿಂದ ಕಾಂಡವನ್ನು ನೆಲಮಟ್ಟಕ್ಕೆ ಕೊಯ್ದು, ಬುಡವನ್ನು ಹಾಗೆಯೇ ಬಿಡುವುದು ಸಂರಕ್ಷಣೆಯ ದೃಷ್ಟಿಯಿಂದ ಕ್ಷೇಮ. ಬುಡ ತೆಗೆಯಲೇಬೇಕಾದ ಸಂದರ್ಭಗಳೂ ಇವೆ, ಉದಾಹರಣೆಗೆ ಅದು ಅಡಿಪಾಯದೊಳಗೇ ಇದ್ದು ಮತ್ತೆ ಚಿಗುರುವ ಜಾತಿಯದಾಗಿದ್ದರೆ. ಆಗ ಅದು ಮರಕಡಿತವಾಗಿ ಉಳಿಯದೆ ಅಗೆತವಾಗುತ್ತದೆ. ಇಲಾಖೆಯ ಸಿಬ್ಬಂದಿಯ ಕಣ್ಣೆದುರಿಗೆ ಕೈಸಲಕರಣೆಗಳಿಂದ, ಬೇರನ್ನು ತುಂಡುತುಂಡಾಗಿ ಕತ್ತರಿಸುತ್ತ, ಖಾಲಿಯಾದ ಜಾಗವನ್ನು ಕೂಡಲೇ ಸುಣ್ಣದ ಗಾರೆ ಮತ್ತು ಕಲ್ಲಿನಿಂದ ತುಂಬುತ್ತ ನಡೆಯಬೇಕಾದ ಕೆಲಸ.

ನೆಲದ ಮೇಲಿನ ಕೊಯ್ತದಲ್ಲಿಯೂ ಷರತ್ತುಗಳಿರಬೇಕು, ಮತ್ತು ಅವು ಅನುಮತಿ ಪತ್ರದಲ್ಲೇ ಬರೆದಿರಬೇಕು. ಮರವನ್ನು ಒಮ್ಮೆಗೇ ಉರುಳಿಸದೆ, ತುದಿಯಿಂದ ತುಂಡು ಮಾಡಿ ಹಗ್ಗದಲ್ಲಿ ಇಳಿಸಬೇಕು. ಆ ಹಗ್ಗವನ್ನು ಕೋಟೆಯ ತೆನೆಗೋ ಮಂಟಪದ ಕಂಬಕ್ಕೋ ಕಟ್ಟಬಾರದು. ಕೂಲಿಯವರಿಗೆ ಹತ್ತಿರದಲ್ಲಿ ಗಟ್ಟಿಯಾಗಿ ಕಾಣುವುದು ಅದೇ ಆದ್ದರಿಂದ ಇದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಕ್ರೇನು, ಟ್ರ್ಯಾಕ್ಟರುಗಳು ಬರುವ ಹಾದಿಯ ಅಡಿಯಲ್ಲಿ ಪೊಳ್ಳು ಚರಂಡಿಗಳಿದ್ದರೆ ಭಾರಕ್ಕೆ ಕುಸಿಯಬಹುದು. ಸೋಮನಾಥಪುರದಂತಹ ಬಳಪದ ಕಲ್ಲಿನ ಕೆತ್ತನೆ ಸುಲಭವಾಗಿ ಗೀರು ಬೀಳುವಷ್ಟು ಮೃದು. ಅಲ್ಲಿ ಬೀಳುವ ಒಂದು ರೆಂಬೆಯೂ ಹಾನಿಯೇ. ಉಳಿದ ಸೊಪ್ಪುಸೌದೆಯನ್ನು ಅಲ್ಲಿಯೇ ಗುಡ್ಡೆ ಹಾಕಿ ಸುಡುವ ಅಭ್ಯಾಸವಂತೂ ನಿಲ್ಲಬೇಕು, ಬೆಂಕಿಯ ಕಾವಿಗೆ ಗ್ರಾನೈಟ್ ಚಪ್ಪಡಿಯೂ ಪದರು ಬಿಟ್ಟುಕೊಳ್ಳುತ್ತದೆ.

ಒಣಮರ ಹಕ್ಕಿಗಳ ಪಾಲಿಗೆ ಸತ್ತದ್ದಲ್ಲ. ಮರಕುಟಿಗ ಮತ್ತು ಕುಟ್ರುಗಳು ಕೊರೆದ ಪೊಟರೆಗಳಲ್ಲಿ ಮುಂದೆ ಗಿಳಿ, ಮೈನಾ, ಹಾಲಕ್ಕಿಗಳು ಸಂಸಾರ ಹೂಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ‘ಬೇಟೆ’ ಎಂಬ ಪದದ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕದಡುವುದನ್ನೂ ಸೇರಿಸಿದೆ. ರಂಗನತಿಟ್ಟು ಕೂಗಳತೆಯಲ್ಲಿರುವ ಊರಿನಲ್ಲಿ ಇದನ್ನು ಮರೆಯುವಂತಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಕೊಕ್ಕರೆಗಳು ಗೂಡು ಕಟ್ಟುವ ಹುಣಸೆಮರಗಳನ್ನು ಕಾಯ್ದುಕೊಳ್ಳುವ ಮನೆಯವರು ಈ ಜಿಲ್ಲೆಯಲ್ಲೇ ಇದ್ದಾರೆ. ಪೊಟರೆಯಲ್ಲಿ ಮರಿಗಳಿದ್ದರೆ ಅವು ಹಾರುವವರೆಗೆ ಕೆಲಸ ಮುಂದೂಡಬೇಕು. ಕೆಳಗೆ ಜನ ಓಡಾಡದ, ಗೋಡೆಯಿಂದ ದೂರವಿರುವ ಮೂಲೆಯಾದರೆ ಕೊಂಬೆಗಳನ್ನಷ್ಟೇ ಸವರಿ, ಕಾಂಡವನ್ನು ಹಾಗೆಯೇ ನಿಲ್ಲಲು ಬಿಡುವುದು ನನಗೆ ಸರಿಯೆನಿಸುತ್ತದೆ. ಆವರಣ ಅಚ್ಚುಕಟ್ಟಾಗಿ ಕಾಣಬೇಕೆಂಬ ಹಟ ಈ ಮಾತಿಗೆ ಹೆಚ್ಚಾಗಿ ಅಡ್ಡಬರುತ್ತದೆ.

ಅರ್ಜಿಯ ರೂಪ ಕಷ್ಟದ್ದಲ್ಲ. ಸರ್ವೆ ನಂಬರು, ಮರ ಎಲ್ಲಿದೆಯೆಂದು ತೋರಿಸುವ ಕೈನಕ್ಷೆ, ಜಾತಿ, ಎದೆಮಟ್ಟದ ಸುತ್ತಳತೆ, ನಾಲ್ಕು ಕಡೆಯಿಂದ ತೆಗೆದ ಚಿತ್ರಗಳು, ಹತ್ತಿರದ ಹಳೆಯ ಕಟ್ಟಡಕ್ಕಿರುವ ದೂರ, ಕಾರಣ. ಖಾಸಗಿ ಜಾಗವಾದರೆ ಪಹಣಿ ಅಥವಾ ಖಾತೆಯ ಪ್ರತಿ. ಎರಡೂ ಇಲಾಖೆಗಳಿಗೆ ಒಂದೇ ದಿನ ಅರ್ಜಿ ಕೊಟ್ಟು, ಒಂದರ ಪ್ರತಿಯನ್ನು ಇನ್ನೊಂದಕ್ಕೆ ಲಗತ್ತಿಸಿ, ಜಂಟಿ ಸ್ಥಳಪರಿಶೀಲನೆಗೆ ಕೋರುವುದು ಜಾಣತನ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಅಭಿಪ್ರಾಯ ಬರಲೆಂದು ಕಡತವನ್ನು ಮಡಿಸಿಡುತ್ತಾರೆ. ಸರ್ಕಾರಿ ನೆಲದ ಮರವಾದರೆ ನಾಟಾದ ಮೌಲ್ಯವನ್ನು ಅರಣ್ಯ ಇಲಾಖೆ ನಿಗದಿಪಡಿಸಿ ಹರಾಜಾಗಬೇಕು. ತೇಗ, ಬೀಟೆಗಳಂತಹ ಮರವನ್ನು ಸಾಗಿಸಲು ರಹದಾರಿ ಬೇಕು. ಕಡಿಯುವ ಅನುಮತಿಯೇ ಸಾಗಿಸುವ ಅನುಮತಿ ಎಂದುಕೊಂಡು ಲಾರಿ ಹೊರಡಿಸಿದವರು ತನಿಖಾಠಾಣೆಯಲ್ಲಿ ಸಿಕ್ಕಿಬೀಳುತ್ತಾರೆ. ಕಾಗದ ಬರುವವರೆಗೆ ಅಪಾಯವಿದ್ದರೆ ಬುಡದ ಸುತ್ತ, ಮರದ ಎತ್ತರಕ್ಕಿಂತ ತುಸು ಹೆಚ್ಚು ಅಗಲಕ್ಕೆ, ಹಗ್ಗ ಕಟ್ಟಿ ಜನರನ್ನು ದೂರವಿಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಸ್ಮಾರಕದ ಸಿಬ್ಬಂದಿಗೆ ಹೇಳಿದರೆ ಸಾಕು.

ಕಡಿದ ಮೇಲೆ ಎರಡು ಕಾನೂನುಗಳು ಮತ್ತೊಮ್ಮೆ ಮುಖಾಮುಖಿಯಾಗುತ್ತವೆ. ವೃಕ್ಷ ಸಂರಕ್ಷಣಾ ಅಧಿನಿಯಮ ಕಡಿದವರ ಮೇಲೆ ಗಿಡ ನೆಡುವ ಹೊಣೆ ಹೊರಿಸುತ್ತದೆ; ಗಿಡ ನೆಡಲು ಗುಂಡಿ ಬೇಕು; ಗುಂಡಿ ತೋಡಲು ಪುರಾತತ್ತ್ವದವರ ಒಪ್ಪಿಗೆ ಬೇಕು. ಹಳೆಯ ಬುಡದ ಪಕ್ಕದಲ್ಲೇ ನೆಡುವ ಹಟ ಹಿಡಿಯದೆ, ತೋಟಗಾರಿಕಾ ಶಾಖೆ ತೋರಿಸಿದ ಜಾಗದಲ್ಲೋ ಆವರಣದ ಹೊರಗೋ ನೆಡುವುದು ಒಂದು ದಾರಿ. ಗೋಡೆಯ ಸಮೀಪಕ್ಕೆ ಆಲ, ಅರಳಿ, ಗೋಣಿ, ಅತ್ತಿಗಳು ಸಲ್ಲವು. 1784ರ ದರಿಯಾ ದೌಲತ್‌ನಂತಹ ತೋಟಗಳಲ್ಲಿ ಮರವೂ ಸ್ಮಾರಕದ ವಿನ್ಯಾಸದ ಭಾಗವಾದ್ದರಿಂದ, ಸಾಲಿನಲ್ಲಿ ಒಂದು ಬಿದ್ದರೆ ಅದೇ ಜಾತಿಯ ಗಿಡವನ್ನೇ ಹುಡುಕಬೇಕಾಗಬಹುದು.

ನೆಲದಲ್ಲಿ ಬಿಟ್ಟ ಬುಡದ ಲೆಕ್ಕವೂ ಉಳಿದಿರುತ್ತದೆ. ಅದು ಗೆದ್ದಲಿಗೂ ಶಿಲೀಂಧ್ರಕ್ಕೂ ಆಹಾರವಾಗಿ ನಿಧಾನವಾಗಿ ಕರಗುತ್ತದೆ, ಬೇರಿದ್ದ ಜಾಗದಲ್ಲಿ ಪೊಳ್ಳಾಗುತ್ತದೆ, ಮಳೆನೀರು ಆ ಪೊಳ್ಳಿನೊಳಗೆ ದಾರಿ ಮಾಡಿಕೊಂಡು ತಳಪಾಯದತ್ತ ಇಳಿಯುತ್ತದೆ. ಅದಕ್ಕಾಗಿ ಕಡಿದ ದಿನವೇ ಬುಡದ ಸ್ಥಾನವನ್ನು ಸ್ಮಾರಕದ ನಕ್ಷೆಯಲ್ಲಿ ಗುರುತಿಸಿ, ಹತ್ತಿರದ ಗೋಡೆಯಲ್ಲಿ ಆಗಲೇ ಇದ್ದ ಬಿರುಕುಗಳ ಚಿತ್ರವನ್ನು ದಿನಾಂಕಸಹಿತ ಕಡತಕ್ಕೆ ಸೇರಿಸಬೇಕು. ಮುಂದಿನ ಕೆಲವು ವರ್ಷ, ಪ್ರತಿ ಹಿಂಗಾರು ಮುಗಿದ ಮೇಲೆ ಒಮ್ಮೆ, ಯಾರಾದರೂ ಹೋಗಿ ಅಲ್ಲಿಯ ಮಣ್ಣು ಕುಸಿದಿದೆಯೇ ಎಂದು ನೋಡಿ, ಕುಸಿದಿದ್ದರೆ ಮಣ್ಣು ತುಂಬಿ ಬರಬೇಕು.